ಮೂರು ತಲೆಮಾರಿನ ಗಾಡಿ

ಗಾಡಿ ಎಂಬ ಒಂದು ಮಾತಿಗೆ ನಮ್ಮ ಮನೆಯಲ್ಲಿ ಮೂರು ತಲೆಮಾರಿಗೆ ಮೂರು ಅರ್ಥಗಳಾದವು. ನಮ್ಮಜ್ಜ ನಾಗಮಂಗಲದ ಕಡೆಯ ರೈತರು. ಅವರ ಬಾಯಲ್ಲಿ ಗಾಡಿ ಎಂದರೆ ಜೋಡಿ ಹಳ್ಳಿಕಾರ್ ಎತ್ತು ಹೂಡಿದ ಗಾಡಿ. ಅಪ್ಪನ ಕಾಲಕ್ಕೆ ಅದು ಜಾವಾ ಮೋಟಾರ್ ಸೈಕಲ್ ಆಯಿತು. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮಣ್ಣನ ಮಗ "ಗಾಡಿ ತಗೊಂಡೆ ಕಣತ್ತೆ" ಎಂದರೆ, ಅದು ನಾಲ್ಕು ಸಿಲಿಂಡರಿನ, ನೂರು ಕುದುರೆಗಳ ಬಲಕ್ಕೂ ಹೆಚ್ಚಿನ ಸೂಪರ್ ಬೈಕು. ಅದೂ ಊರು ಸುತ್ತುವುದಕ್ಕಲ್ಲ, ಆಫೀಸಿಗೆ ಹೋಗುವುದಕ್ಕೂ ಅಲ್ಲ. ಚೆನ್ನೈ ಹತ್ತಿರದ ರೇಸ್ ಟ್ರ್ಯಾಕಿನಲ್ಲಿ ಸುತ್ತು ಹೊಡೆಯುವುದಕ್ಕೆ.

ಅವನು ಅದನ್ನು ಎರಡನೇ ಕೈಯಲ್ಲಿ, ಸಾಲ ಮಾಡಿ ಕೊಂಡಿದ್ದ. ನಮ್ಮ ಅತ್ತಿಗೆ ಕೆ.ಆರ್. ಪೇಟೆಯಿಂದ ಫೋನು ಮಾಡಿ, "ನೀನು ಹಿಸ್ಟರಿ ಹೇಳೋಳು, ನಿನ್ನ ಮಾತು ಕೇಳ್ತಾನೆ. ಇದನ್ನ ಮಾರಿ ಒಂದು ಸೈಟು ತಗೋ ಅಂತ ಹೇಳಮ್ಮ" ಎಂದರು. ಸೈಟು ತೆಗೆದುಕೊಳ್ಳಲು ಇತಿಹಾಸದಲ್ಲಿ ಏನು ಆಧಾರವಿದೆಯೋ ನನಗೆ ತಿಳಿಯದು. ಆದರೆ ಗಾಡಿಯ ಇತಿಹಾಸವನ್ನು ಹುಡುಕಿಕೊಂಡು ಹೋದಾಗ ಅದು ನಮ್ಮ ಊರುಗಳ ಸುತ್ತಲೇ ಸುತ್ತುತ್ತಿರುವುದು ಕಂಡಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜಾವಾ ಎಂಬ ಹೆಸರು. ಇದಕ್ಕೂ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. ಚೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ ಯಾನೆಚೆಕ್ ಎಂಬುವರು ಆಯುಧ ತಯಾರಿಸುವ ಕಾರ್ಖಾನೆ ನಡೆಸುತ್ತಿದ್ದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಆಯುಧ ಕೇಳುವವರು ಕಡಿಮೆಯಾದರು. 1929ರಲ್ಲಿ ಅವರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲನ್ನು ತಯಾರಿಸುವ ಹಕ್ಕು ಪಡೆದರು. ಯಾನೆಚೆಕ್ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ ಹೆಸರಿನ ಮೊದಲೆರಡು ಅಕ್ಷರ ಸೇರಿ ಜಾವಾ ಆಯಿತು.

ಅದನ್ನು ಮೈಸೂರಿಗೆ ತಂದವರು ಇರಾನಿ ಮನೆತನದವರು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು 1960ರಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಮೈಸೂರಿನಲ್ಲಿ ಸ್ಥಾಪಿಸಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಪ್ರೋತ್ಸಾಹ ಅವರಿಗಿತ್ತು. 1961ರಲ್ಲಿ ಯಾದವಗಿರಿಯ ಕಾರ್ಖಾನೆಯಿಂದ ಗಾಡಿಗಳು ಹೊರಬಂದವು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರಾಯಿತು. ಇರಾನಿಗಳ ಹಿರಿಯರ ಊರಾದ ಇರಾನಿನ ಯಜ್ದ್ ಪಟ್ಟಣದಿಂದ ಆ ಹೆಸರು ಬಂದಿತೆನ್ನುತ್ತಾರೆ.

ಅಪ್ಪ ರೇಷ್ಮೆ ಇಲಾಖೆಯಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದರು. ಕೆ.ಆರ್. ಪೇಟೆಯಿಂದ ಕಿಕ್ಕೇರಿ, ಹೊಸಹೊಳಲು ಎಂದು ಹಳ್ಳಿ ತಿರುಗಬೇಕು. ಅದಕ್ಕೆ ಹಳೆಯ ಜಾವಾ ಒಂದನ್ನು ಕೊಂಡರು. 250 ಸಿ.ಸಿ., ಒಂದೇ ಸಿಲಿಂಡರು, ಆದರೆ ಹೊಗೆ ಹೋಗಲು ಎರಡು ಸೈಲೆನ್ಸರು. ಒದ್ದು ಸ್ಟಾರ್ಟ್ ಮಾಡುವ ಕಿಕ್ಕರ್ ತಾನೇ ಮುಂದಕ್ಕೆ ಮಡಿಚಿಕೊಂಡು ಗೇರು ಹಾಕುವ ಸನ್ನೆಯಾಗುತ್ತಿತ್ತು. ಟ್ಯಾಂಕಿಗೆ ಪೆಟ್ರೋಲಿನ ಜೊತೆ ಅಳತೆ ಹಿಡಿದು ಎಣ್ಣೆ ಬೆರೆಸಬೇಕು. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಬೀದಿಯೆಲ್ಲ ಹೊಗೆ, ಸೈಲೆನ್ಸರಿನ ತುಂಬ ಮಸಿ. ತಿಂಗಳುಗಳಿಗೊಮ್ಮೆ ಅಪ್ಪ ಸೈಲೆನ್ಸರಿನ ಒಳಗಿನ ಕೊಳವೆಯನ್ನು ಎಳೆದು ತೆಗೆದು, ನಮ್ಮ ಬಚ್ಚಲ ಹಂಡೆ ಒಲೆಯೊಳಗೆ ತೂರಿಸಿ ಮಸಿ ಸುಡುತ್ತಿದ್ದರು. ಆ ದಿನ ಸ್ನಾನದ ನೀರಿಗೂ ಪೆಟ್ರೋಲಿನ ವಾಸನೆ. "ನಿಮ್ಮ ಗಾಡಿಗೆ ಎಣ್ಣೆ ಸ್ನಾನ ಆಯ್ತಾ? ಇನ್ನು ನಮ್ಮ ಮಕ್ಕಳಿಗೆ ಆಗಬಹುದಾ?" ಎಂದು ಅಮ್ಮ ಗೊಣಗುತ್ತಿದ್ದರು. ಅಪ್ಪ ಒಂದು ನೋಟುಪುಸ್ತಕ ಇಟ್ಟಿದ್ದರು. ಪ್ಲಗ್ಗು ಯಾವಾಗ ಬದಲಾಯಿಸಿದ್ದು, ಚೈನಿಗೆ ಯಾವಾಗ ಎಣ್ಣೆ ಬಿಟ್ಟಿದ್ದು, ಬ್ರೇಕ್ ಶೂ ಎಷ್ಟು ಸವೆದಿದೆ ಎಂದು ದಿನಾಂಕ ಹಾಕಿ ಬರೆಯುತ್ತಿದ್ದರು.

ಆಗಿನ ಕಾಲದ ಗಂಡಸರಿಗೆ ಇದು ಸಾಮಾನ್ಯ. ಗಾಡಿ ಇಟ್ಟವನು ಅರ್ಧ ಮೇಸ್ತ್ರಿಯೂ ಆಗಿರಲೇಬೇಕಿತ್ತು. ಪಾಂಡವಪುರ, ಶ್ರೀರಂಗಪಟ್ಟಣದ ಗ್ಯಾರೇಜುಗಳಲ್ಲಿ ಜಾವಾ ಬಿಚ್ಚಿ ಕಟ್ಟುವುದನ್ನು ಕಲಿತವನಿಗೆ ಅನ್ನಕ್ಕೆ ಮೋಸವಿರಲಿಲ್ಲ. ಹೀಗೆ ಬಿಚ್ಚಿ ಕಟ್ಟುವವರಲ್ಲಿ ಕೆಲವರಿಗೆ ಇನ್ನೊಂದು ಆಸೆ ಹುಟ್ಟುತ್ತದೆ. ಇದೇ ಎಂಜಿನ್ನು ಇನ್ನೂ ಸ್ವಲ್ಪ ಜೋರಾಗಿ ಓಡಿದರೆ? ಅಲ್ಲಿಂದ ರೇಸಿನ ಕಥೆ ಆರಂಭ.

ಚೆನ್ನೈನ ಉತ್ತರಕ್ಕೆ ಶೋಲಾವರಂ ಎಂಬಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯೊಂದಿತ್ತು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ಹಲವು ದಶಕ ರೇಸು ನಡೆಸಿತು. ನಮ್ಮ ಮೈಸೂರಿನ ಜಾವಾ, ಯೆಜ್ಡಿಗಳೂ ಅಲ್ಲಿ ಓಡಿದವು. ಆಗ ಹೊರದೇಶದ ಗಾಡಿ ತರಿಸುವುದು ಕಷ್ಟ. ಸಂತೆಗೆ ಹೋಗುವ ಗಾಡಿಯನ್ನೇ ರೇಸಿಗೆ ಸಿದ್ಧಮಾಡಬೇಕು. ಸಿಲಿಂಡರಿನ ಒಳಗೆ ಗಾಳಿ ಬರುವ, ಹೊಗೆ ಹೋಗುವ ಕಿಂಡಿಗಳನ್ನು ಅರದಿಂದ ತೀಡಿ ದೊಡ್ಡದು ಮಾಡುವುದು, ಹೆಡ್ಡನ್ನು ಲೇತಿನಲ್ಲಿ ತೆಳುಮಾಡಿ ಒತ್ತಡ ಹೆಚ್ಚಿಸುವುದು, ಬೇಡದ ತಗಡೆಲ್ಲ ಕಿತ್ತು ತೂಕ ಇಳಿಸುವುದು. ಒಂದು ಮಿಲಿಮೀಟರ್ ಹೆಚ್ಚು ತೀಡಿದರೆ ಸಿಲಿಂಡರು ಗುಜರಿಗೆ. ನಾಗಮಂಗಲದ ಎರಕದವರು ಹಿತ್ತಾಳೆಯ ವಿಗ್ರಹದ ಕಣ್ಣು ತಿದ್ದುವಾಗ ಎಷ್ಟು ಎಚ್ಚರವಹಿಸುತ್ತಾರೋ ಅಷ್ಟೇ ಎಚ್ಚರ ಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಸೈಲೆನ್ಸರು. ಇಲ್ಲಿ ನಮ್ಮ ಶ್ರೀರಂಗಪಟ್ಟಣ ನೆನಪಾಗುತ್ತದೆ. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ರಾಕೆಟ್ಟುಗಳ ಹೆಚ್ಚುಗಾರಿಕೆ ಏನೆಂದರೆ ಅವುಗಳ ಮದ್ದು ತುಂಬಿದ್ದು ಕಬ್ಬಿಣದ ಕೊಳವೆಯಲ್ಲಿ. ಕಾಗದ, ಬಿದಿರಿನ ಕೊಳವೆಗಳು ತಡೆಯದ ಒತ್ತಡವನ್ನು ಕಬ್ಬಿಣ ತಡೆಯಿತು. ರಾಕೆಟ್ಟು ದೂರ ಹೋಯಿತು. 1780ರಲ್ಲಿ ಪೊಲ್ಲಿಲೂರಿನಲ್ಲಿ ಇಂಗ್ಲಿಷರು ಅದರ ರುಚಿ ಕಂಡರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಈ ರಾಕೆಟ್ಟುಗಳು ಇಂಗ್ಲೆಂಡಿನ ವುಲಿಚ್‌ಗೆ ಹೋದವು. ಅವುಗಳನ್ನು ಅಭ್ಯಾಸಮಾಡಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟು ಮಾಡಿದ. ಬೆಂಕಿಯನ್ನು ಕೊಳವೆಯಲ್ಲಿ ಹಿಡಿದು ಕೆಲಸ ಮಾಡಿಸುವ ವಿದ್ಯೆ ಹೀಗೆ ಯುರೋಪಿನಲ್ಲಿ ಬೆಳೆಯುತ್ತ ಹೋಗಿ, ಎರಡನೇ ಮಹಾಯುದ್ಧದ ಹೊತ್ತಿಗೆ ಜರ್ಮನಿಯ ಪೀನಮುಂಡೆ ಎಂಬ ಕಡಲತೀರದ ಆಯುಧ ಕೇಂದ್ರದವರೆಗೆ ಬಂತು.

ಆ ಪೀನಮುಂಡೆಯಲ್ಲಿ ಕೆಲಸ ಮಾಡಿದವರಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ ಒಬ್ಬರು. ಯುದ್ಧದ ನಂತರ ಅವರು ಪೂರ್ವ ಜರ್ಮನಿಯ ಎಂ.ಜೆಡ್. ಮೋಟಾರ್ ಸೈಕಲ್ ಕಾರ್ಖಾನೆ ಸೇರಿದರು. 1950ರ ದಶಕದಲ್ಲಿ ಟೂ ಸ್ಟ್ರೋಕ್ ಎಂಜಿನ್ನಿನ ಹೊಗೆಕೊಳವೆಯ ಆಕಾರದಲ್ಲೇ ಬಲ ಅಡಗಿದೆ ಎಂಬುದನ್ನು ಅವರು ಮಾಡಿ ತೋರಿಸಿದರು. ಕೊಳವೆ ಮೊದಲು ಅಗಲವಾಗುತ್ತ ಹೋಗಿ, ಹೊಟ್ಟೆ ಉಬ್ಬಿ, ಮತ್ತೆ ಕಿರಿದಾಗಬೇಕು. ಹೊಗೆಯ ಒತ್ತಡದ ಅಲೆ ಅಗಲವಾದ ಕಡೆ ಹೋದಾಗ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೊರಗೆಳೆಯುತ್ತದೆ. ಕಿರಿದಾದ ಕಡೆ ಬಡಿದು ಹಿಂದಿರುಗಿದಾಗ, ಹೊಗೆಯ ಜೊತೆ ತಪ್ಪಿಸಿಕೊಂಡು ಬಂದ ಹೊಸ ಪೆಟ್ರೋಲ್ ಗಾಳಿಯನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. ಒಲೆ ಊದಿದ ನಮಗೆ ಇದು ಅರ್ಥವಾಗದ ವಿಷಯವಲ್ಲ. ಊದುಗೊಳವೆಯ ಬಾಯಿ ಎಷ್ಟಿರಬೇಕು, ಎಷ್ಟು ಉದ್ದವಿರಬೇಕು ಎಂಬುದು ನಮ್ಮ ಅಮ್ಮಂದಿರಿಗೆ ಅಳತೆಪಟ್ಟಿ ಇಲ್ಲದೆ ಗೊತ್ತಿತ್ತು.

ಕಾಡೆನ್ ಅವರ ಗುಟ್ಟು ಬಹಳ ಕಾಲ ಗುಟ್ಟಾಗಿ ಉಳಿಯಲಿಲ್ಲ. 1961ರ ಸೆಪ್ಟೆಂಬರಿನಲ್ಲಿ ಅವರ ಮುಖ್ಯ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಹೋದವನು ಪೂರ್ವ ಜರ್ಮನಿಗೆ ಹಿಂದಿರುಗಲಿಲ್ಲ. ಜಪಾನಿನ ಸುಜುಕಿ ಕಂಪನಿ ಸೇರಿದ. ಮರುವರ್ಷವೇ 1962ರಲ್ಲಿ 50 ಸಿ.ಸಿ. ವರ್ಗದಲ್ಲಿ ಸುಜುಕಿ ಗಾಡಿಯ ಮೇಲೆ ವಿಶ್ವ ಚಾಂಪಿಯನ್ ಆದ. ಟೂ ಸ್ಟ್ರೋಕಿನ ವಿದ್ಯೆಯಲ್ಲಿ ಜಪಾನ್ ಮುಂದೆ ಹೋಯಿತು.

ಈ 1961 ಎಂಬ ವರ್ಷವನ್ನು ಗಮನಿಸಿ. ಮೈಸೂರಿನಲ್ಲಿ ಮೊದಲ ಜಾವಾ ಹೊರಬಂದ ವರ್ಷವೇ ಅದು. ಅಂದು ಹೊಸದಾಗಿ ಬಣ್ಣ ಹಚ್ಚಿದ ಗಾಡಿಯ ಮುಂದೆ ನಿಂತಿದ್ದ ಕಾರ್ಮಿಕರಿಗೆ, ಸ್ವೀಡನ್ನಿನಲ್ಲಿ ಒಬ್ಬ ಸವಾರ ತಪ್ಪಿಸಿಕೊಂಡ ಸುದ್ದಿ ತಮ್ಮ ಮನೆ ಬಾಗಿಲಿಗೆ ಬಂದೀತೆಂದು ಹೇಗೆ ತಿಳಿಯಬೇಕು? ಅದು ಬರಲು ಇಪ್ಪತ್ತು ಚಿಲ್ಲರೆ ವರ್ಷ ಹಿಡಿಯಿತು. 1980ರ ದಶಕದ ನಡುವಿನಲ್ಲಿ ಜಪಾನಿನ ಕಂಪನಿಗಳ ಜೊತೆ ಸೇರಿ ತಯಾರಾದ 100 ಸಿ.ಸಿ. ಗಾಡಿಗಳು ಬಂದವು. ಹೊಸೂರಿನಿಂದ ಇಂಡ್ ಸುಜುಕಿ, 1985ರಲ್ಲಿ ಹೀರೋ ಹೋಂಡಾ, ಅದೇ ವರ್ಷ ಯಮಹಾ ಆರ್.ಎಕ್ಸ್. 100. ಅಪ್ಪನ 250 ಸಿ.ಸಿ. ಜಾವಾದ ಬಲ ಸುಮಾರು 12 ಕುದುರೆ. ಆರ್.ಎಕ್ಸ್. 100ರ ಬಲ 11 ಕುದುರೆ. ಅರ್ಧಕ್ಕಿಂತ ಚಿಕ್ಕ ಎಂಜಿನ್ನಿನಿಂದ ಹೆಚ್ಚುಕಡಿಮೆ ಅಷ್ಟೇ ಬಲ! ನಮ್ಮ ಕಡೆಯ ಹುಡುಗರು ಆ ಚಿಕ್ಕ ಗಾಡಿಯ ಸದ್ದಿಗೇ ಮರುಳಾದರು.

ಯೆಜ್ಡಿಯವರೂ ಸುಮ್ಮನೆ ಕುಳಿತಿರಲಿಲ್ಲ. 1978ರಲ್ಲೇ ರೋಡ್‌ಕಿಂಗ್ ಎಂಬ 16 ಕುದುರೆ ಬಲದ ಗಾಡಿ ತಂದಿದ್ದರು. ಆದರೆ ಪೆಟ್ರೋಲಿನ ಬೆಲೆ, ಹೊಸ ಗಾಡಿಗಳ ಪೈಪೋಟಿ, ಕಾರ್ಮಿಕರ ತಕರಾರು, ಹೊಗೆಯ ಬಗ್ಗೆ ಬಿಗಿಯಾಗುತ್ತಿದ್ದ ನಿಯಮಗಳು ಎಲ್ಲ ಒಟ್ಟಿಗೆ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ಸುತ್ತಿನ ಊರುಗಳಿಂದ ಬೆಳಗಿನ ರೈಲು ಹಿಡಿದು ಅಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದವರು ಮನೆಯಲ್ಲಿ ಕುಳಿತರು. ನಮ್ಮ ಬೀದಿಯಲ್ಲೇ ಒಬ್ಬರಿದ್ದರು. ಮೂರು ಹೆಣ್ಣುಮಕ್ಕಳು. ಅವರ ಹೆಂಡತಿ ಹಪ್ಪಳ, ಸಂಡಿಗೆ ಮಾಡಿ ಮಾರಿ ಸಂಸಾರ ತೂಗಿಸಿದರು. ಕಾರ್ಖಾನೆಗಳ ಇತಿಹಾಸ ಬರೆಯುವವರು ಮಾಲೀಕರ ಹೆಸರು ಬರೆಯುತ್ತಾರೆ, ಗಾಡಿಗಳ ಹೆಸರು ಬರೆಯುತ್ತಾರೆ. ಈ ಹಪ್ಪಳದ ಲೆಕ್ಕ ಯಾವ ಪುಸ್ತಕಕ್ಕೂ ಸೇರುವುದಿಲ್ಲ.

ಜಾವಾ, ಯೆಜ್ಡಿ ಹೆಸರುಗಳು ಮತ್ತೆ ಬಂದಿವೆ, ನಿಜ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ. ಆದರೆ ಅವು ಮೈಸೂರಿನಲ್ಲಿ ಹುಟ್ಟಿದವಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾದವು. ಟೂ ಸ್ಟ್ರೋಕೂ ಅಲ್ಲ. ಆದರೂ ಮೈಸೂರಿನ ಕೈಗಳು ಸುಮ್ಮನಾಗಲಿಲ್ಲ. ರೇಸಿನ ಎಂಜಿನ್ನುಗಳನ್ನು ತಿದ್ದುತ್ತಿದ್ದ ಮೈಸೂರಿನ ಸೋಮೇಂದರ್ ಸಿಂಗ್ ಅವರು ಸಿಲಿಂಡರ್ ಹೆಡ್ಡಿನ ಒಳಮೈಯಲ್ಲಿ ಸಣ್ಣ ಕಾಲುವೆಗಳನ್ನು ಕೊರೆದರೆ ಪೆಟ್ರೋಲ್ ಗಾಳಿ ಚೆನ್ನಾಗಿ ಕಲಕಿ ಉರಿಯುತ್ತದೆಂದು ವಾದಿಸಿ, 2001ರಲ್ಲಿ ಅಮೆರಿಕದ ಪೇಟೆಂಟು ಪಡೆದರು.

ಇನ್ನು ಸೂಪರ್ ಬೈಕಿನ ವಿಷಯ. ಆ ಹೆಸರು ಪ್ರಸಿದ್ಧವಾದದ್ದು 1969ರ ಹೋಂಡಾ ಸಿ.ಬಿ. 750 ಗಾಡಿಯಿಂದ. ನಾಲ್ಕು ಸಿಲಿಂಡರು, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು. ಅಂಗಡಿಯಲ್ಲಿ ಮಾರುವ ಗಾಡಿಗಳನ್ನೇ ತಿದ್ದಿ ಓಡಿಸುವ ವಿಶ್ವ ಸೂಪರ್ ಬೈಕ್ ಚಾಂಪಿಯನ್‌ಶಿಪ್ 1988ರಲ್ಲಿ ಆರಂಭವಾಯಿತು. ಇಂದಿನ 1000 ಸಿ.ಸಿ. ಗಾಡಿಗಳ ಬಲ ಸುಮಾರು 200 ಕುದುರೆ, ತೂಕ 200 ಕಿಲೋ. ನಮ್ಮ ಹುಡುಗನದು 600 ಸಿ.ಸಿ.ಯದು. ಅದರ ಎಂಜಿನ್ನು ನಿಮಿಷಕ್ಕೆ 13,000 ಸುತ್ತು ತಿರುಗುತ್ತದಂತೆ.

"ಒಂದು ಸಲ ಬಂದು ನೋಡಿ, ಆಮೇಲೆ ಬಯ್ಯಿರಿ" ಎಂದು ಅವನು ನನ್ನನ್ನೂ ಅತ್ತಿಗೆಯನ್ನೂ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೆ ಕರೆದೊಯ್ದ. ಶೋಲಾವರಂ ನಡೆಸಿದ ಕ್ಲಬ್ಬಿನವರೇ 1990ರಲ್ಲಿ ತೆರೆದ ಟ್ರ್ಯಾಕು ಅದು. ಒಂದು ಸುತ್ತು 3.7 ಕಿಲೋಮೀಟರ್. ಗಾಡಿಯನ್ನು ವ್ಯಾನಿನಲ್ಲಿ ಹಾಕಿ ತಂದಿದ್ದರು. ನಾನು ಕಂಡ ಮೊದಲ ಆಶ್ಚರ್ಯ ಅದು, ಓಡಿಸುವ ಗಾಡಿಯನ್ನು ರಸ್ತೆಯ ಮೇಲೆ ಓಡಿಸದೆ ಹೊತ್ತು ತರುವುದು.

ಎರಡನೆಯದು, ಸವಾರಿಗಿಂತ ಹೆಚ್ಚು ಹೊತ್ತು ಕೆಲಸವೇ ನಡೆಯಿತು. ಹೆಡ್‌ಲೈಟಿಗೆ ಟೇಪು ಸುತ್ತಿದರು. ಬಿದ್ದರೆ ಗಾಜು ಟ್ರ್ಯಾಕಿನ ಮೇಲೆ ಚೆಲ್ಲಬಾರದು. ರೇಡಿಯೇಟರಿನ ಕೂಲಂಟ್ ತೆಗೆದು ಬರೀ ನೀರು ತುಂಬಿದ್ದರು. ಕೂಲಂಟ್ ಚೆಲ್ಲಿದರೆ ನೆಲ ಜಾರುತ್ತದೆ, ಹಿಂದೆ ಬರುವವನ ಪ್ರಾಣಕ್ಕೆ ಸಂಚಕಾರ. ಎಂಜಿನ್ ಎಣ್ಣೆಯ ಬೋಲ್ಟು ಬಿಚ್ಚಿಕೊಳ್ಳದಂತೆ ತಂತಿ ಬಿಗಿದಿದ್ದರು. ಟೈರುಗಳಿಗೆ ಕಂಬಳಿ ಹೊದಿಸಿ ವಿದ್ಯುತ್ತಿನಿಂದ ಬಿಸಿ ಮಾಡಿದರು. ಬಿಸಿಯಾದ ರಬ್ಬರು ನೆಲ ಹಿಡಿಯುತ್ತದೆ. ಗಾಳಿಯ ಒತ್ತಡ ಅಳೆದು ಇಳಿಸಿದರು. ಬ್ರೇಕಿನ ಎಣ್ಣೆಯನ್ನು ಹೊಸದಾಗಿ ತುಂಬಿದ್ದರು. ಹಳೆಯದು ನೀರು ಹೀರಿಕೊಂಡು, ಬ್ರೇಕು ಕಾದಾಗ ಕುದಿದು, ಲಿವರ್ ಒತ್ತಿದರೂ ಹಿಡಿಯುವುದಿಲ್ಲವಂತೆ. ಸವಾರನ ತೂಕಕ್ಕೆ ಸರಿಯಾಗಿ ಮುಂದಿನ ಹಿಂದಿನ ಸ್ಪ್ರಿಂಗುಗಳು ಎಷ್ಟು ಕುಗ್ಗಬೇಕೆಂದು ಅಳತೆ ಮಾಡಿದರು. ಒಂದು ಜೊತೆ ಟೈರಿಗೆ ನನ್ನ ಅರ್ಧ ತಿಂಗಳ ಸಂಬಳ ಸಾಲದು, ಅದೂ ಕೆಲವೇ ಸವಾರಿಗೆ ಸವೆದು ಹೋಗುತ್ತದೆ ಎಂದು ಕೇಳಿ ಅತ್ತಿಗೆ ನನ್ನ ಮುಖ ನೋಡಿದರು.

ಅವನು ಪಕ್ಕದ ಕನ್ನಡಿಗಳನ್ನು ಬಿಚ್ಚುತ್ತಿದ್ದ. ಅತ್ತಿಗೆಗೆ ತಡೆಯಲಿಲ್ಲ.

"ಕನ್ನಡಿ ಯಾಕೋ ಬಿಚ್ತೀಯ? ಹಿಂದೆ ಬರೋರು ಕಾಣಬೇಡವಾ?"

"ಇಲ್ಲಿ ಹಿಂದೆ ನೋಡಬಾರದಮ್ಮ. ಮುಂದೆ ಹೋಗೋನು ತನ್ನ ದಾರಿ ಬಿಡಬಾರದು. ದಾಟಬೇಕಾದರೆ ಎಚ್ಚರ ತಗೋಬೇಕಾದೋನು ಹಿಂದಿನವನು."

"ಇದು ನಮ್ಮ ರೋಡಿನಲ್ಲೂ ಇದ್ದಿದ್ರೆ ಚೆನ್ನಾಗಿತ್ತು," ಎಂದರು ಅತ್ತಿಗೆ.

ಅವನು ಚರ್ಮದ ಉಡುಪು, ಬೆನ್ನಿನ ಕವಚ, ಹೆಲ್ಮೆಟ್ಟು ತೊಟ್ಟು ಹೋದ. ಬಾವುಟ ಹಿಡಿದವರು ಅಲ್ಲಲ್ಲಿ ನಿಂತಿದ್ದರು. ಆಂಬುಲೆನ್ಸ್ ಸಿದ್ಧವಾಗಿತ್ತು. ಎದುರಿನಿಂದ ಟ್ರ್ಯಾಕ್ಟರಿಲ್ಲ, ಅಡ್ಡ ಬರುವ ಎಮ್ಮೆಯಿಲ್ಲ, ಶಾಲೆ ಬಿಟ್ಟ ಮಕ್ಕಳಿಲ್ಲ. ಅತ್ತಿಗೆ ಪ್ರತಿ ಸುತ್ತಿಗೂ ಬೆರಳು ಮಡಿಚಿ ಎಣಿಸಿದರು. ಅವನು ಹಿಂದಿರುಗಿ ಹೆಲ್ಮೆಟ್ ತೆಗೆಯುವವರೆಗೆ ನೀರು ಸಹ ಕುಡಿಯಲಿಲ್ಲ. ಅಪಾಯ ಅಲ್ಲಿಯೂ ಇದೆ. ಅದನ್ನು ಇಲ್ಲವೆಂದು ಯಾರೂ ನಮಗೆ ಹೇಳಲಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ಓದಿ ಹೋಗಿದ್ದ ಹುಡುಗನೊಬ್ಬ ನಾಲೆಯ ಏರಿಯ ಮೇಲೆ ಗೆಳೆಯರ ಜೊತೆ ಪಂದ್ಯ ಕಟ್ಟಿ ಗಾಡಿ ಓಡಿಸಲು ಹೋಗಿ ಸತ್ತ. ಹತ್ತೊಂಬತ್ತು ವರ್ಷ. ಅವನ ತಾಯಿಯನ್ನು ನೋಡಲು ಹೋದಾಗ ಗಾಡಿ ಇನ್ನೂ ಅಂಗಳದಲ್ಲಿ ಒರಗಿತ್ತು. ಹೊಸದಾಗಿ ಹಾಕಿಸಿದ, ಕಿವಿಗಡಚಿಕ್ಕುವ ಸೈಲೆನ್ಸರು ಫಳಫಳ ಹೊಳೆಯುತ್ತಿತ್ತು. ಟೈರುಗಳು ಬೋಳಾಗಿದ್ದವು. ಸೈಲೆನ್ಸರಿಗೆ ದುಡ್ಡು ಹೊಂದಿಸಿದ್ದ ಮಗು ಟೈರಿಗೆ ಹೊಂದಿಸಿರಲಿಲ್ಲ.

ಕಾನೂನು ಇದನ್ನು ಒಪ್ಪುವುದಿಲ್ಲ. ಕಂಪನಿ ತಯಾರಿಸಿದ ರೂಪವನ್ನು ಬದಲಾಯಿಸಿ ಗಾಡಿಯನ್ನು ರಸ್ತೆಗೆ ತರುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ, ಅಂಥ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಎಂದಾಯಿತು. ನಮ್ಮ ಊರ ಪಕ್ಕದಲ್ಲೇ ಹಾದುಹೋಗುವ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅದೇ ಆಗಸ್ಟ್ 1ರಿಂದ ಅದರ ಮುಖ್ಯ ದಾರಿಗೆ ಬೈಕುಗಳು ಬರುವಂತಿಲ್ಲವೆಂದು ಆದೇಶವಾಯಿತು. ಆದರೆ ನಾಲೆಯ ಏರಿಯ ಮೇಲೆ ಕಾನೂನು ಕಾವಲು ನಿಲ್ಲುವುದಿಲ್ಲ. ಅಲ್ಲಿಗೆ ಹೊರಡುವ ಗಾಡಿಯನ್ನು ಮೊದಲು ನೋಡುವವರು ಮನೆಯವರೇ.

ಅತ್ತಿಗೆ ಇನ್ನೂ ಸೈಟಿನ ಮಾತು ಬಿಟ್ಟಿಲ್ಲ. ಆದರೆ ಊರಿಗೆ ಬಂದ ಮೇಲೆ ಮಗನಿಗೆ ಒಂದು ಷರತ್ತು ಹಾಕಿದರು. ಆ ಗಾಡಿ ವ್ಯಾನಿನಲ್ಲಿ ಹೋಗಬೇಕು, ವ್ಯಾನಿನಲ್ಲೇ ಬರಬೇಕು. ರಸ್ತೆಯ ಮೇಲೆ ಅದರ ಚಕ್ರ ತಿರುಗಬಾರದು. ಅವನು ಒಪ್ಪಿದ್ದಾನೆ.

ಇದು ಹುಡುಗರ ವಿಷಯ, ನಮಗೇಕೆ ಎಂದು ನೀವು ಅನ್ನಬಹುದು. 2019ರಲ್ಲಿ ಮಹಿಳೆಯರ ಬಾಜಾ ವಿಶ್ವಕಪ್ ಗೆದ್ದ ಐಶ್ವರ್ಯಾ ಪಿಸ್ಸೆ ನಮ್ಮ ಬೆಂಗಳೂರಿನ ಹುಡುಗಿ. ನನ್ನ ತರಗತಿಯಲ್ಲೂ ಅಪ್ಪನ ಗಾಡಿ ಓಡಿಸಿಕೊಂಡು ಹಾಲಿನ ಡೈರಿಗೆ ಹೋಗಿಬರುವ ಹೆಣ್ಣುಮಕ್ಕಳು ಇದ್ದಾರೆ. ಅದು ಹಾಗಿರಲಿ. ಮನೆಯಲ್ಲಿ ಮಗನೋ ಮಗಳೋ ಗಾಡಿ ತಂದು ನಿಲ್ಲಿಸಿದಾಗ, ಅದರ ಬಣ್ಣ ಮತ್ತು ಬೆಲೆ ಮಾತ್ರ ಕೇಳಿ ಒಳಗೆ ಹೋಗಬೇಡಿ. ಒಮ್ಮೆ ಬಗ್ಗಿ ಟೈರಿನ ಗೀರು ಎಷ್ಟು ಆಳ ಉಳಿದಿದೆ ನೋಡಿ. ಬ್ರೇಕು ಯಾವಾಗ ನೋಡಿಸಿದ್ದು ಎಂದು ಕೇಳಿ. ಸೈಲೆನ್ಸರು ಬದಲಾಯಿಸಿದ್ದರೆ ಯಾಕೆ ಎಂದು ಕೇಳಿ. ಚಿನ್ನದ ಅಂಗಡಿಯಲ್ಲಿ ಗುಲಗಂಜಿ ತೂಕಕ್ಕೂ ಜಗಳವಾಡುವ ನಾವು ಇಷ್ಟು ಕೇಳಲಾರೆವೆ?